ಕೊಡಿಯಾಲಬೈಲಿಗೆ ಒಂದು ಕಾರ್ಡು: ಜೈಲಿನಲ್ಲಿರುವವರೊಂದಿಗೆ ಪತ್ರ, ಕವಿತೆಯ ಒಡನಾಟ ಹೇಗೆ

ಮಂಗಳೂರಿನ ಜಿಲ್ಲಾ ಕಾರಾಗೃಹ ಊರ ಹೊರಗಿಲ್ಲ. ಕೊಡಿಯಾಲಬೈಲಿನಲ್ಲಿ ಮನೆ, ಅಂಗಡಿ, ಕಚೇರಿಗಳ ನಡುವೆಯೇ ಇದೆ. 2025ರಲ್ಲಿ ಅಲ್ಲಿ ಜಾಮರ್ ಅಳವಡಿಸಿದ ಮೇಲೆ ಸುತ್ತಲಿನವರ ಮೊಬೈಲುಗಳಿಗೂ ಸಿಗ್ನಲ್ ಇಲ್ಲದಾಗಿ ದೊಡ್ಡ ಗದ್ದಲವಾಯಿತು. ಗೋಡೆಯ ಆಚೆ ಮನುಷ್ಯರಿದ್ದಾರೆ ಎಂಬುದು ಎಷ್ಟೋ ಮಂದಿಗೆ ನೆನಪಾದದ್ದೇ ಆಗ, ಅದೂ ಸಿಟ್ಟಿನಲ್ಲಿ. ಯಾವ ಜಾಮರಿಗೂ ಬಗ್ಗದ ಒಂದು ವಸ್ತು ಅಂಚೆ ಕಚೇರಿಯಲ್ಲಿ ಈಗಲೂ 50 ಪೈಸೆಗೆ ಸಿಗುತ್ತದೆ. ಆ ಅಂಚೆ ಕಾರ್ಡನ್ನು ಬಳಸುವುದು ಹೇಗೆ ಎಂಬುದೇ ಈ ಬರಹ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಸಲಹೆಗಳೆಲ್ಲ ಅದರಿಂದಲೇ ಹುಟ್ಟಿದವು. ಜೈಲಿನಲ್ಲಿರುವವರಿಗೆ ಬುದ್ಧಿ ಹೇಳುವವರ ಬರ ಇಲ್ಲ. ಪೊಲೀಸರು, ವಕೀಲರು, ನ್ಯಾಯಾಧೀಶರು, ಧರ್ಮೋಪದೇಶಕರು, ನೆಂಟರು ಎಲ್ಲರೂ ಹೇಳುತ್ತಾರೆ. ಅವರು ಬರೆದದ್ದನ್ನು ಗಮನವಿಟ್ಟು ಓದಿ, ಓದಿದ್ದೇನೆ ಎಂದು ಉತ್ತರ ಬರೆಯುವವರು ಮಾತ್ರ ಸಿಗುವುದಿಲ್ಲ. ನೀವು ಆ ಓದುಗರಾಗಲು ಸಿದ್ಧರಿದ್ದರೆ ಮುಂದೆ ಓದಿ. ಯಾರನ್ನೋ ತಿದ್ದುವ ಉತ್ಸಾಹ ಇದ್ದರೆ ಅದಕ್ಕೆ ಬೇರೆ ದಾರಿಗಳಿವೆ.

ಯಾರಿಗೆ ಬರೆಯುವುದು?

ಮಂಗಳೂರಿನ ಜೈಲಿನಲ್ಲಾಗಲಿ ಉಡುಪಿಯ ಹಿರಿಯಡ್ಕದ ಜೈಲಿನಲ್ಲಾಗಲಿ ಇರುವವರಲ್ಲಿ ಹೆಚ್ಚಿನವರು ವಿಚಾರಣಾಧೀನ ಕೈದಿಗಳು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಇದು ನಮ್ಮ ಕರಾವಳಿಯ ವಿಶೇಷವಲ್ಲ. 2022ರ ರಾಷ್ಟ್ರೀಯ ಅಂಕಿ ಅಂಶದ ಪ್ರಕಾರ ದೇಶದ ಜೈಲುಗಳಲ್ಲಿದ್ದವರಲ್ಲಿ ಶೇ. 75.8 ಮಂದಿ ವಿಚಾರಣಾಧೀನರು. ದೀರ್ಘ ಶಿಕ್ಷೆಯಾದವರನ್ನು ಸಾಮಾನ್ಯವಾಗಿ ಮೈಸೂರು, ಶಿವಮೊಗ್ಗ, ಬೆಂಗಳೂರಿನಂಥ ಕೇಂದ್ರ ಕಾರಾಗೃಹಗಳಿಗೆ ಕಳಿಸುತ್ತಾರೆ. ಅದರಿಂದ ಕೊಡಿಯಾಲಬೈಲಿನ ವಿಳಾಸಕ್ಕೆ ಬರೆಯುವವರು ಎರಡು ವಿಷಯಕ್ಕೆ ಸಿದ್ಧರಾಗಿರಬೇಕು: ನಿಮ್ಮ ಓದುಗ ನಾಳೆಯೇ ಜಾಮೀನಿನ ಮೇಲೆ ಹೊರಬರಬಹುದು, ಅಥವಾ ಬೇರೆ ಜಿಲ್ಲೆಗೆ ಹೋಗಬಹುದು.

ಪತ್ರಿಕೆಯಲ್ಲಿ ಬಂದ ಹೆಸರು ನೋಡಿ ಬರೆಯಲು ಹೋಗಬೇಡಿ. ಸುದ್ದಿಯಾದವನಿಗೆ ಬರುವ ಅಪರಿಚಿತ ಪತ್ರ ಅವನಿಗೂ ಸಂಕಟ, ಜೈಲಿನ ಸಿಬ್ಬಂದಿಗೂ ಅನುಮಾನ. ಮನೆಯವರು, ವಕೀಲರು, ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಜೈಲಿಗೆ ಹೋಗಿಬರುವ ಅರೆಕಾಲಿಕ ಕಾನೂನು ಸ್ವಯಂಸೇವಕರ ಮೂಲಕ ಕೇಳಿಸಿ. ‘ಇಂಥವರು ಬರೆಯಲು ಇಷ್ಟಪಡುತ್ತಾರೆ, ನಿಮಗೆ ಬೇಕೇ?’ ಎಂಬ ಪ್ರಶ್ನೆಗೆ ಅಲ್ಲಿಂದ ‘ಬೇಕು’ ಎಂದು ಬಂದ ಮೇಲೆ ಮೊದಲ ಕಾರ್ಡು. ವರ್ಷಗಟ್ಟಲೆ ಯಾರೂ ನೋಡಲು ಬಾರದವರು ಪ್ರತಿ ಜೈಲಿನಲ್ಲಿಯೂ ಇರುತ್ತಾರೆ, ಮುಖ್ಯವಾಗಿ ಹೊರರಾಜ್ಯದಿಂದ ಕೂಲಿಗೆ ಬಂದವರು ಮತ್ತು ಮಹಿಳೆಯರು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಅವರಿಂದ ಶುರುಮಾಡಿ.

ಇದು ಯಾರದ್ದೋ ಔದಾರ್ಯವಲ್ಲ

ಜೈಲಿಗೆ ಪತ್ರ ಬರೆಯುವುದೆಂದರೆ ಏನೋ ಕದ್ದುಮುಚ್ಚಿ ಮಾಡುವ ಕೆಲಸ ಎಂಬ ಅಳುಕು ನಮ್ಮಲ್ಲಿ ಬಹಳ ಮಂದಿಗೆ ಇದೆ. ಹಾಗೇನಿಲ್ಲ. ಪರಮಾಣು ವಿಜ್ಞಾನದ ಬಗ್ಗೆ ಮರಾಠಿಯಲ್ಲಿ ಪುಸ್ತಕ ಬರೆದಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬ ಬಂಧಿತನ ಹಸ್ತಪ್ರತಿಯನ್ನು ಹೊರಗೆ ಕಳಿಸಲು ಮಹಾರಾಷ್ಟ್ರ ಸರ್ಕಾರ ಒಪ್ಪಲಿಲ್ಲ. 1965ರಲ್ಲಿ ಸುಪ್ರೀಂ ಕೋರ್ಟ್ ಆ ನಿರಾಕರಣೆ ತಪ್ಪೆಂದು ಹೇಳಿತು. 1981ರ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಓದುವ, ಬರೆಯುವ, ತನ್ನನ್ನು ಹಲವು ಬಗೆಗಳಲ್ಲಿ ಅಭಿವ್ಯಕ್ತಿಸಿಕೊಳ್ಳುವ ಅನುಕೂಲ ಘನತೆಯ ಬದುಕಿನ ಭಾಗ ಎಂದು ಸ್ಪಷ್ಟಪಡಿಸಿತು.

ನನಗೆ ಇವೆರಡಕ್ಕಿಂತ ಹತ್ತಿರದ್ದು ಸುನಿಲ್ ಬಾತ್ರಾ ಪ್ರಕರಣ. ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಬಾತ್ರಾ, ಇನ್ನೊಬ್ಬ ಕೈದಿಗೆ ವಾರ್ಡರ್ ಕೊಟ್ಟ ಹಿಂಸೆಯನ್ನು ವಿವರಿಸಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದ. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ 1979ರ ಡಿಸೆಂಬರಿನಲ್ಲಿ ತೀರ್ಪು ಬಂತು. ಸಾಯಲು ಕಾದು ಕುಳಿತವನು ಪಕ್ಕದವನಿಗಾಗಿ ಬರೆದ ಪತ್ರ ಅದು. ಜೈಲಿನೊಳಗಿನ ಒಗ್ಗಟ್ಟು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಹಕ್ಕು ಇದೆ ಎಂದಮಾತ್ರಕ್ಕೆ ನಿಯಮ ಇಲ್ಲವೆಂದಲ್ಲ. ಪತ್ರಗಳನ್ನು ಸಿಬ್ಬಂದಿ ತೆರೆದು ಓದುತ್ತಾರೆ, ಆಕ್ಷೇಪಾರ್ಹ ಎನಿಸಿದ್ದನ್ನು ತಡೆಹಿಡಿಯಬಹುದು. ತಿಂಗಳಿಗೆ ಎಷ್ಟು ಪತ್ರ ಎಂಬುದು ಬಂದಿಯ ವರ್ಗದ ಮೇಲೆ ನಿಂತಿದೆ. ಜೈಲಿನ ಕಚೇರಿಗೆ ಹೋಗಿ ವಿನಯದಿಂದ ಕೇಳಿ ಬರೆದುಕೊಳ್ಳಿ. ಒಂದು ಅರ್ಧ ದಿನ ಹೋಗುತ್ತದೆ, ಆಮೇಲಿನ ಎಷ್ಟೋ ತೊಂದರೆ ತಪ್ಪುತ್ತದೆ.

ವಿಳಾಸ, ಕಾರ್ಡು, ಲಕೋಟೆ

ವಿಳಾಸದಲ್ಲಿ ಪೂರ್ಣ ಹೆಸರು, ತಂದೆಯ ಹೆಸರು ಮತ್ತು ಗೊತ್ತಿದ್ದರೆ ಬಂದಿ ಸಂಖ್ಯೆ ಇರಲಿ. ಒಂದೇ ಹೆಸರಿನ ಮೂವರು ಒಂದೇ ಬ್ಯಾರಕಿನಲ್ಲಿರುವುದು ನಮ್ಮ ಕಡೆ ಅಪರೂಪವಲ್ಲ. ಅದರ ಕೆಳಗೆ ‘ಅಧೀಕ್ಷಕರ ಮೂಲಕ, ಜಿಲ್ಲಾ ಕಾರಾಗೃಹ, ಕೊಡಿಯಾಲಬೈಲ್, ಮಂಗಳೂರು 575003’. ಹಿರಿಯಡ್ಕಕ್ಕಾದರೆ ಅಲ್ಲಿನ ಪಿನ್ ಸಂಖ್ಯೆಯನ್ನು ನಿಮ್ಮ ಅಂಚೆಯವರಲ್ಲಿ ಕೇಳಿ.

ನನ್ನ ಆಯ್ಕೆ ಅಂಚೆ ಕಾರ್ಡು. ಮುಚ್ಚಿದ್ದು ಏನೂ ಇಲ್ಲದಿರುವುದರಿಂದ ಓದಿ ಬಿಡಲು ಸಿಬ್ಬಂದಿಗೆ ಸುಲಭ, ಬೇಗ ತಲುಪುತ್ತದೆ. ಸ್ವಲ್ಪ ಉದ್ದದ್ದಾದರೆ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್. ಲಕೋಟೆ ಬಳಸುವುದಾದರೆ ಪಿನ್ನು ಹೊಡೆಯಬೇಡಿ, ಸ್ಟಿಕ್ಕರ್ ಅಂಟಿಸಬೇಡಿ, ಹಣ ಇಡಬೇಡಿ. ದೇವರ ಪ್ರಸಾದದ ಹೂವಿನೆಸಳು ಕೂಡ ಬೇಡ. ಕಾಗದದಲ್ಲಿ ಬರುವ ಪುಡಿ, ಎಲೆ, ಎಸಳು ಎಲ್ಲವನ್ನೂ ಅವರು ಅನುಮಾನದಿಂದಲೇ ನೋಡಬೇಕಾಗುತ್ತದೆ, ಅವರ ಕೆಲಸವೇ ಅದು. ತಲುಪಿದ್ದಕ್ಕೆ ದಾಖಲೆ ಬೇಕಾದ ಸಂದರ್ಭದಲ್ಲಿ ಸ್ಪೀಡ್ ಪೋಸ್ಟ್ ಮಾಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅದರೊಳಗೆ ವಿಲೀನವಾಗಿದೆ.

ಕಳಿಸುವವರ ವಿಳಾಸಕ್ಕೆ ಮನೆಯದ್ದನ್ನು ಕೊಡಬೇಕೇ? ಒಬ್ಬರೇ ಬರೆಯುತ್ತಿದ್ದರೆ, ಅದರಲ್ಲೂ ಹೆಣ್ಣುಮಕ್ಕಳಾದರೆ, ಬೇಡ ಎನ್ನುತ್ತೇನೆ. ನಾಲ್ಕೈದು ಜನ ಸೇರಿ ಒಂದು ಗ್ರಂಥಾಲಯದ, ಕಾಲೇಜಿನ ವಿಭಾಗದ ಅಥವಾ ಸಂಘದ ವಿಳಾಸ ಬಳಸಿ. ಅಂಚೆ ಪೆಟ್ಟಿಗೆ ಸಂಖ್ಯೆ ಬಾಡಿಗೆಗೆ ಸಿಗುತ್ತದೆಯೇ ಎಂದು ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಬಹುದು. ಇದರಲ್ಲಿ ಅಪನಂಬಿಕೆಯ ಮಾತಿಲ್ಲ. ನಾಳೆ ನಿಮಗೆ ಕಾಯಿಲೆಯಾದರೆ, ಊರು ಬಿಟ್ಟರೆ, ಉತ್ತರ ಬರೆಯಲು ಇನ್ನೊಬ್ಬರು ಇರುತ್ತಾರೆ.

ಉತ್ತರಕ್ಕೆ ಕಾರ್ಡು ಕೊಳ್ಳುವ ಕಾಸು ಒಳಗಿರುವ ಎಲ್ಲರ ಬಳಿಯೂ ಇರುವುದಿಲ್ಲ. ನಿಮ್ಮ ವಿಳಾಸ ಬರೆದ ಖಾಲಿ ಕಾರ್ಡುಗಳನ್ನು ಕೊಡಬಹುದೇ ಎಂದು ಕಚೇರಿಯಲ್ಲಿ ಕೇಳಿ. ಒಪ್ಪಿದರೆ ಹತ್ತು ಕಾರ್ಡಿಗೆ ಐದು ರೂಪಾಯಿ. ಇಷ್ಟು ಅಗ್ಗದ ಸಾಹಿತ್ಯ ಸೇವೆ ಬೇರೆ ಇಲ್ಲ.

ಮೊದಲ ಪತ್ರ

ನಮ್ಮ ಹಳೆಯ ಪತ್ರಗಳೆಲ್ಲ ‘ನಾವು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮವೆಂದು ನಂಬಿದ್ದೇವೆ’ ಎಂದು ಶುರುವಾಗುತ್ತಿದ್ದವು. ಜೈಲಿಗೆ ಬರೆಯುವಾಗ ಆ ಸಾಲು ಚುಚ್ಚುತ್ತದೆ, ಬಿಟ್ಟುಬಿಡಿ. ‘ಮಾನ್ಯರೇ’ ಎಂದರೆ ತಾಲೂಕು ಕಚೇರಿಗೆ ಕೊಟ್ಟ ಅರ್ಜಿಯಂತೆ ಕೇಳುತ್ತದೆ. ಮೊದಲ ಪತ್ರದಲ್ಲೇ ‘ತಮ್ಮಾ’ ಎಂದು ಸಲಿಗೆ ವಹಿಸುವುದೂ ಸರಿಯಲ್ಲ. ಅವನ ಪ್ರಾಯ ನಿಮ್ಮ ಮಗನಷ್ಟೇ ಇದ್ದರೂ ಬಹುವಚನ ಇರಲಿ. ಏಕವಚನದ ಗದರಿಕೆ ಅಲ್ಲಿ ದಿನವೂ ಕೇಳುತ್ತಿರುತ್ತದೆ. ಅಕ್ಕ, ಅಣ್ಣ, ಮಾಸ್ಟ್ರು, ಟೀಚರ್ ಎಂದು ಏನು ಕರೆಯಬೇಕೆಂದು ಅವರೇ ಎರಡನೆಯ ಪತ್ರದ ಹೊತ್ತಿಗೆ ನಿರ್ಧರಿಸುತ್ತಾರೆ.

ಒಂದು ಮಾದರಿ ಕೊಡುತ್ತೇನೆ. ಇದನ್ನೇ ನಕಲು ಮಾಡಬೇಡಿ, ಉದ್ದ ಮತ್ತು ದನಿಯನ್ನು ಗಮನಿಸಿ.

*ನಮಸ್ಕಾರ. ನಾನು ಉಡುಪಿಯ ಕಡೆಯವಳು. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಈಗ ನಿವೃತ್ತಿ. ನಿಮಗೆ ಬರೆಯುವ ಆಸಕ್ತಿ ಇದೆ, ಪತ್ರ ಬಂದರೆ ಸಂತೋಷ ಎಂದಿದ್ದೀರಿ ಎಂದು ತಿಳಿದು ಈ ಕಾರ್ಡು. ನಿಮ್ಮ ಕೇಸಿನ ವಿಷಯ ನಾನು ಕೇಳುವುದಿಲ್ಲ, ನೀವೂ ಬರೆಯುವುದು ಬೇಡ. ಪ್ರತಿ ತಿಂಗಳ ಮೊದಲ ವಾರ ಒಂದು ಕಾರ್ಡು ಹಾಕುತ್ತೇನೆ. ಉತ್ತರ ಬರೆಯಲೇಬೇಕೆಂದಿಲ್ಲ.*

*ಇಲ್ಲಿ ನಿನ್ನೆಯಿಂದ ಬಿಡದೆ ಮಳೆ. ಹಿತ್ತಿಲಿನ ಕೆಸುವಿನ ಎಲೆ ಕೊಯ್ದು ಪತ್ರೊಡೆ ಮಾಡಿದೆವು. ಅಕ್ಕಿ ತೀರಾ ನುಣ್ಣಗೆ ಅರೆದುಹೋಗಿ ಗಟ್ಟಿಯಾಯಿತು, ಮನೆಯವರು ಮಾತಾಡದೆ ತಿಂದರು. ನಿಮ್ಮ ಮನೆಯಲ್ಲಿ ಪತ್ರೊಡೆಗೆ ಹುಳಿ ಮುಂದೋ, ಖಾರ ಮುಂದೋ?*

ಕೈದಿಗೆ ಊಟದ ಸುದ್ದಿ ಬರೆಯಬಾರದು, ಅವರಿಗೆ ನೋವಾಗುತ್ತದೆ ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಹೊರಗಿನ ಲೋಕವನ್ನು ಅವರಿಂದ ಮುಚ್ಚಿಡುವುದೂ ಒಂದು ಗೋಡೆಯೇ. ಬಂದರಿನಲ್ಲಿ ಬಂಗುಡೆಗೆ ಎಷ್ಟಾಯಿತು, ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿಯುವಾಗ ಮಗು ಮುಖ ಹೇಗೆ ಮಾಡಿತು, ಹಂಪನಕಟ್ಟೆಯಲ್ಲಿ ಯಾವ ಹಳೆಯ ಅಂಗಡಿ ಮುಚ್ಚಿತು, ಯಕ್ಷಗಾನ ಮೇಳದ ತಿರುಗಾಟ ಯಾವ ಊರಿಗೆ ಬಂತು, ಇವು ಬೇಕು. ಹೊಂದಾಣಿಕೆಯಾದ ಮೇಲೆ ಬೇಡವೆನಿಸಿದರೆ ಅವರೇ ಹೇಳುತ್ತಾರೆ. ಬೇಡವಾದದ್ದು ‘ದೇವರಿದ್ದಾನೆ, ಧೈರ್ಯವಾಗಿರಿ, ಎಲ್ಲ ಒಳ್ಳೆಯದಾಗುತ್ತದೆ’ ಎಂಬ ತರಹದ ಮಾತುಗಳು. ಕೊನೆಗೊಂದು ಪ್ರಶ್ನೆ ಇರಲಿ, ಉತ್ತರಿಸಲು ಹೆಚ್ಚು ಯೋಚಿಸಬೇಕಾಗಿಲ್ಲದ ಸಣ್ಣ ಪ್ರಶ್ನೆ.

ಹೇಳಿದ ವಾರದಲ್ಲಿ ಬರೆಯಿರಿ. ಉತ್ಸಾಹದಲ್ಲಿ ವಾರಕ್ಕೆರಡು ಪತ್ರ ಹಾಕಿ ಮೂರನೆಯ ತಿಂಗಳಿಗೆ ಮೌನವಾಗುವುದು, ಬರೆಯದೇ ಇರುವುದಕ್ಕಿಂತ ಕೆಟ್ಟದ್ದು. ನವರಾತ್ರಿ, ಮದುವೆ, ಪರೀಕ್ಷೆ ಏನೇ ಬರಲಿ, ತಿಂಗಳಿಗೊಂದು ಕಾರ್ಡು ನಿಭಾಯಿಸಲು ಆಗುತ್ತದೆಯೇ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.

ಕೇಳಬಾರದ್ದು, ಬರೆಯಬಾರದ್ದು

‘ಏನು ಮಾಡಿದಿರಿ?’ ಎಂಬ ಪ್ರಶ್ನೆ ಎಂದಿಗೂ ಬೇಡ. ಸೌಜನ್ಯದ ಕಾರಣ ಒಂದು ಕಡೆ ಇರಲಿ. ವಿಚಾರಣೆ ನಡೆಯುತ್ತಿರುವಾಗ ಕೈದಿ ತನ್ನ ಕೈಯಾರೆ ಬರೆದ ಒಂದು ಸಾಲು ನ್ಯಾಯಾಲಯದಲ್ಲಿ ಅವನಿಗೇ ಮುಳುವಾಗಬಹುದು. ಪತ್ರ ನಿಮ್ಮ ಕೈ ಸೇರುವ ಮೊದಲು ಬೇರೆಯವರು ಓದಿರುತ್ತಾರೆ ಎಂಬುದನ್ನು ಮರೆಯಬೇಡಿ. ಕೇಸಿನ ಮಾತು ವಕೀಲರಿಗೆ ಮಾತ್ರ. ವಕೀಲರಿಲ್ಲ ಎಂದರೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯವಾಣಿ 15100 ಎಂದು ತಿಳಿಸಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರು ಸಿಗಬೇಕು. ಜಾಮೀನು ಕೊಡಿಸುತ್ತೇನೆ, ಕೆಲಸ ಕೊಡಿಸುತ್ತೇನೆ ಎಂಬ ಭರವಸೆ ನೀವು ಕೊಡಬೇಡಿ.

ಬೇರೆ ಕೈದಿಗಳ ಹೆಸರು, ಸಿಬ್ಬಂದಿಯ ಹೆಸರು, ಜೈಲಿನ ಕಟ್ಟಡದ ವಿವರ ಪತ್ರದಲ್ಲಿ ಬರಬಾರದು. ಊರಿನ ಗಲಾಟೆಯ ಸುದ್ದಿಯನ್ನಂತೂ ಹೊತ್ತೊಯ್ಯಬೇಡಿ. ಮಂಗಳೂರಿನ ಜೈಲಿನಲ್ಲಿ ಗುಂಪುಗಳ ಹೊಡೆದಾಟ ಹೊಸದಲ್ಲ. 2015ರ ನವೆಂಬರಿನಲ್ಲಿ ಇಬ್ಬರು ವಿಚಾರಣಾಧೀನ ಕೈದಿಗಳು ಅದರೊಳಗೇ ಕೊಲೆಯಾದರು. ಹೊರಗೆ ನಿಮಗೆ ಬರೀ ಸುದ್ದಿಯಾದದ್ದು ಒಳಗೆ ಇನ್ನೊಂದು ಏಟಾಗಬಹುದು.

ಸಾಯುವ ಮಾತು, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಸೂಚನೆ ಪತ್ರದಲ್ಲಿ ಕಂಡರೆ ಉತ್ತರ ಬರೆಯುತ್ತಾ ಕೂರಬೇಡಿ. ಅದೇ ದಿನ ಜೈಲಿನ ಅಧೀಕ್ಷಕರಿಗೆ ತಿಳಿಸಿ, ಕಾನೂನು ಸೇವಾ ಪ್ರಾಧಿಕಾರಕ್ಕೂ ತಿಳಿಸಿ. ಇಲ್ಲಿ ಗುಟ್ಟು ಕಾಯುವುದು ಸ್ನೇಹವಲ್ಲ. ಅಂಥ ಪತ್ರ ಓದಿದ ನಿಮ್ಮ ಮನಸ್ಸೂ ಕಂಗೆಟ್ಟರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಯಾವ ಭಾಷೆಯಲ್ಲಿ?

ಕೊಡಿಯಾಲಬೈಲಿನ ಒಂದು ಬ್ಯಾರಕಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ, ಹಿಂದಿ ಎಲ್ಲ ಇರಬಹುದು. ಮನಸ್ಸಿನ ಮಾತು ಬರುವುದು ಮನೆಯ ಭಾಷೆಯಲ್ಲೇ. ಕನ್ನಡ ಲಿಪಿಯಲ್ಲಿ ತುಳು ಅಥವಾ ಬ್ಯಾರಿ ಬರೆದರೆ ಓದಲು ಕಷ್ಟವಿಲ್ಲ. ಒಂದು ತೊಡಕು ಮಾತ್ರ ಇದೆ. ಪತ್ರ ಪರಿಶೀಲಿಸುವ ಸಿಬ್ಬಂದಿ ಬಯಲುಸೀಮೆಯವರಾಗಿದ್ದರೆ ಅವರಿಗೆ ತುಳು ತಿಳಿಯದು, ತಿಳಿದವರು ಸಿಗುವವರೆಗೆ ಪತ್ರ ಮೇಜಿನ ಮೇಲೆ ಕೂರುತ್ತದೆ. ಅದಕ್ಕೆ ಮೇಲೆ ಎರಡು ಸಾಲು ಕನ್ನಡದಲ್ಲಿ ‘ಇದು ತುಳು ಭಾಷೆಯ ಪತ್ರ, ಮನೆ ಮತ್ತು ಮಳೆಯ ವಿಷಯ ಬರೆದಿದ್ದೇನೆ’ ಎಂದು ಬರೆದುಬಿಡಿ. ಕವಿತೆಯಾದರೆ ಬದಿಯಲ್ಲಿ ಕನ್ನಡದ ಸಾರ ಕೊಡಿ.

ಕವಿತೆ ಬಂದಾಗ

ನಾಲ್ಕೈದು ಕಾರ್ಡುಗಳಾದ ಮೇಲೆ ಒಂದು ದಿನ ಪತ್ರದ ಕೊನೆಯಲ್ಲಿ ಕವಿತೆ ಬರುತ್ತದೆ. ಪ್ರೀತಿ, ತಾಯಿ, ವಿಧಿ, ಕಣ್ಣೀರು, ಕತ್ತಲೆ ಎಲ್ಲವೂ ಅದರಲ್ಲಿರುತ್ತದೆ. ಮೊದಲ ಕವಿತೆ ಹೆಚ್ಚಿನವರದ್ದು ಹೀಗೆಯೇ, ಜೈಲಿನ ಹೊರಗೂ. ‘ಚೆನ್ನಾಗಿದೆ’ ಎಂದು ಸುಮ್ಮನಾಗಬೇಡಿ, ತಪ್ಪುಗಳ ಪಟ್ಟಿಯನ್ನೂ ಮಾಡಬೇಡಿ. ನಿಮಗೆ ನಿಜವಾಗಿ ತಾಗಿದ ಒಂದು ಸಾಲನ್ನು ಎತ್ತಿ ಬರೆಯಿರಿ, ಅದು ಯಾಕೆ ತಾಗಿತು ಎಂದು ಹೇಳಿ. ಆಮೇಲೆ ಆ ಸಾಲಿನ ಬಗ್ಗೆಯೇ ಒಂದು ಪ್ರಶ್ನೆ: ‘ಅಮ್ಮ ಬಂದದ್ದು ಯಾವ ವಾರ? ಕೈಯಲ್ಲಿ ಏನಿತ್ತು?’ ಮುಂದಿನ ಕವಿತೆಯಲ್ಲಿ ಉತ್ತರ ಸಿಗುತ್ತದೆ. ಹೇಗೆ ಎಂಬುದಕ್ಕೆ ಇಲ್ಲೊಂದು ಉದಾಹರಣೆ ಕಟ್ಟಿದ್ದೇನೆ:

ಮಂಗಳವಾರ ಅಮ್ಮ ಬಂದಿದ್ದಳು
ಊಟ ಆಯಿತಾ ಎಂದಳು
ಆಯಿತು ಎಂದೆ
ಚೀಲದಲ್ಲಿ ಬಾಳೆಹಣ್ಣು ಇತ್ತು
ಒಳಗೆ ಬಿಡಲಿಲ್ಲ
ಅವಳೇ ವಾಪಸು ಕೊಂಡುಹೋದಳು
ಬಸ್ಸಿನಲ್ಲಿ, ವಿಟ್ಲದವರೆಗೆ

ನನ್ನಂಥ ಕನ್ನಡ ಟೀಚರುಗಳ ಕೈಗೆ ಇದು ಸಿಕ್ಕರೆ ಅಪಾಯ. ಅಮ್ಮ ‘ಮಾತೆ’ಯಾಗುತ್ತಾಳೆ, ಬಾಳೆಹಣ್ಣು ‘ಮಮತೆಯ ಕಾಣಿಕೆ’ಯಾಗುತ್ತದೆ, ಕೊನೆಗೆ ‘ಬಂಧನದ ಸಂಕೋಲೆ’ ಬಂದು ಕೂರುತ್ತದೆ, ವಿಟ್ಲ ಹಾರಿಹೋಗುತ್ತದೆ. ವಿಟ್ಲ ಹೋದರೆ ಕವಿತೆಯೇ ಹೋಯಿತು. ಅಷ್ಟು ದೂರ ಬಸ್ಸಿನಲ್ಲಿ ಆ ಹಣ್ಣು ತೊಡೆಯ ಮೇಲಿತ್ತು ಎಂಬುದನ್ನು ಓದುಗರು ತಾವೇ ಕಾಣಬೇಕು. ಕಾಗುಣಿತ ತಿದ್ದಬಹುದು, ಅದೂ ಕೇಳಿದರೆ. ಶಬ್ದ ಬದಲಿಸುವುದು ಬರೆದವರ ಕೆಲಸ.

ರೂಪದ ಬಗ್ಗೆ ಎರಡು ಮಾತು. ಕಾರ್ಡಿನ ಅಳತೆಗೆ ನಾಲ್ಕು ಸಾಲಿನ ಚುಟುಕ ಹೇಳಿ ಮಾಡಿಸಿದ್ದು. ಪ್ರಾಸ ಹುಡುಕುವ ಆಟ ಕಳೆಯದ ಮಧ್ಯಾಹ್ನಗಳನ್ನು ಕಳೆಯುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಭಾಮಿನಿ ಷಟ್ಪದಿಯ ನಡೆ ಕಿವಿಯಲ್ಲೇ ಇರುತ್ತದೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು ಎಂದು ಬೆರಳು ಮಡಚಿ ತೋರಿಸಿದರೆ ಸಾಕು, ಹತ್ತನೆಯ ತರಗತಿ ಫೇಲಾದವರೂ ಕಟ್ಟುತ್ತಾರೆ. ಗದ್ಯದಂಥ ಕವಿತೆ ಮಾತ್ರ ಆಧುನಿಕ, ಛಂದಸ್ಸು ಹಳತು ಎಂಬ ನಮ್ಮ ಸಾಹಿತ್ಯ ವಲಯದ ಮಡಿಯನ್ನು ಅಲ್ಲಿಗೆ ಒಯ್ಯಬೇಡಿ.

ಕಾಗದವೇ ಇಲ್ಲದಿದ್ದರೆ? ಸೋವಿಯತ್ ಕಾಲದ ಶಿಬಿರದಲ್ಲಿದ್ದ ಇರಿನಾ ರತುಶಿನ್ಸ್ಕಾಯಾ ಎಂಬ ಕವಿ ಬೆಂಕಿಕಡ್ಡಿಯಿಂದ ಸೋಪಿನ ಮೇಲೆ ಸಾಲು ಗೀಚಿ, ಬಾಯಿಪಾಠವಾದ ಮೇಲೆ ತೊಳೆದುಬಿಡುತ್ತಿದ್ದರು. ನಮ್ಮಲ್ಲಿ ಅಂಥ ಪರಿಸ್ಥಿತಿ ಬರಬಾರದು. ಆದರೂ ಬ್ಯಾರಕಿನಿಂದ ಬ್ಯಾರಕಿಗೆ, ಜೈಲಿನಿಂದ ಜೈಲಿಗೆ ಸ್ಥಳಾಂತರವಾಗುವಾಗ ನೋಟ್‌ಬುಕ್ ಕಳೆದುಹೋಗುತ್ತದೆ. ಬರೆದದ್ದನ್ನು ಬಾಯಿಪಾಠ ಮಾಡಿಕೊಳ್ಳಿ ಎಂದು ಹೇಳಿ, ಒಂದು ಪ್ರತಿ ನಿಮಗೆ ಕಳಿಸಲು ತಿಳಿಸಿ. ನೀವು ದಿನಾಂಕ ಹಾಕಿ ಕಡತದಲ್ಲಿಡಿ.

ಒಳಗೆ ಕೂತು ಬರೆಯಿಸುವುದು

ಪತ್ರದಿಂದ ಮುಂದಕ್ಕೆ ಹೋಗಿ ಜೈಲಿನಲ್ಲೇ ಕವಿತೆಯ ಕಮ್ಮಟ ಮಾಡುವ ಆಸೆಯಿದ್ದರೆ ಅಧೀಕ್ಷಕರ ಲಿಖಿತ ಅನುಮತಿ ಬೇಕು. ಒಬ್ಬೊಬ್ಬರೇ ಹೋಗಿ ಕೇಳಿದರೆ ಕೆಲಸ ಆಗುವುದು ಕಡಿಮೆ. ಕಾನೂನು ಸೇವಾ ಪ್ರಾಧಿಕಾರದ ಮೂಲಕ, ಅಥವಾ ರೋಶನಿ ನಿಲಯದಂಥ ಸಮಾಜಕಾರ್ಯ ಕಾಲೇಜು, ಎನ್‌ಎಸ್‌ಎಸ್ ಘಟಕದ ಮೂಲಕ ಅರ್ಜಿ ಕೊಡಿ. ಬರುವವರ ಹೆಸರು, ಗುರುತಿನ ಚೀಟಿ, ತರುವ ವಸ್ತುಗಳ ಪಟ್ಟಿ, ಪ್ರತಿ ಅವಧಿಯಲ್ಲಿ ಏನು ಮಾಡುತ್ತೀರಿ ಎಂಬುದನ್ನು ಅರ್ಜಿಯಲ್ಲೇ ಬರೆಯಿರಿ. ಇಂಥದ್ದು ರಾಜ್ಯಕ್ಕೆ ಹೊಸದಲ್ಲ. ಹುಲುಗಪ್ಪ ಕಟ್ಟಿಮನಿಯವರ ನಿರ್ದೇಶನದಲ್ಲಿ ಮೈಸೂರಿನ ಜೈಲಿನ ಕೈದಿಗಳು ಆಡಿದ ನಾಟಕಗಳು ಗೋಡೆ ದಾಟಿ ಹೊರಗಿನ ರಂಗಮಂದಿರಗಳಿಗೂ ಬಂದಿವೆ. ಅಧಿಕಾರಿಗಳೊಡನೆ ಮಾತಾಡುವಾಗ ಈ ಉದಾಹರಣೆ ಉಪಯೋಗಕ್ಕೆ ಬರುತ್ತದೆ.

ಭಾಷಣ, ಉದ್ಘಾಟನೆ, ಶಾಲು, ಫೋಟೊ ಯಾವುದೂ ಬೇಡ. ದೀಪ ಬೆಳಗಿಸುವುದರಲ್ಲೇ ಅರ್ಧ ಗಂಟೆ ಹೋಗುವ ಕಾರ್ಯಕ್ರಮಗಳಿಂದ ಕೈದಿಗಳು ಬೇಸತ್ತಿರುತ್ತಾರೆ. ಹದಿನೈದು ಜನಕ್ಕಿಂತ ಹೆಚ್ಚು ಬೇಡ, ನೆಲದ ಮೇಲೆ ವೃತ್ತವಾಗಿ ಕೂತರೆ ಸಾಕು.

‘ನಿಮ್ಮ ಬಗ್ಗೆ ಬರೆಯಿರಿ’ ಎಂದು ಶುರುಮಾಡಿದರೆ ಯಾರೂ ಬರೆಯುವುದಿಲ್ಲ. ಪಕ್ಕದಲ್ಲಿ ಕೂತವನು ನಾಳೆ ಅದನ್ನೇ ಆಡಿಕೊಳ್ಳಬಹುದೆಂಬ ಭಯ ಇರುತ್ತದೆ. ಕರಾವಳಿಯಲ್ಲಿ ಇದಕ್ಕೊಂದು ಸಿದ್ಧ ದಾರಿ ಇದೆ, ತಾಳಮದ್ದಳೆ. ವೇಷವಿಲ್ಲ, ರಂಗವಿಲ್ಲ, ಕೂತಲ್ಲೇ ಪಾತ್ರವಾಗಿ ಅರ್ಥ ಹೇಳುವುದು. ಕುಂತಿ ಬಂದು ಹೋದ ಮೇಲೆ ಕರ್ಣ ಅವಳಿಗೊಂದು ಪತ್ರ ಬರೆದರೆ ಏನು ಬರೆದಾನು? ವಾಲಿ ಸಾಯುವ ಮೊದಲು ರಾಮನಿಗೆ ಏನು ಕೇಳಬೇಕೆಂದಿದ್ದ? ಹೀಗೆ ಕೊಟ್ಟು ನೋಡಿ. ಕರ್ಣನ ಬಾಯಿಂದ ಯಾರು ಮಾತಾಡುತ್ತಿದ್ದಾರೆಂದು ಕೂತವರಿಗೆಲ್ಲ ಗೊತ್ತಾಗುತ್ತದೆ, ಆದರೂ ಅವನು ಕರ್ಣನೇ. ಆ ಮರೆಯಲ್ಲಿ ಎಂಥ ಮಾತುಗಾರಿಕೆ ಹೊರಡುತ್ತದೆ ಎಂಬುದು ತಾಳಮದ್ದಳೆಗೆ ರಾತ್ರಿಯಿಡೀ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಪುರಾಣದ ಪರಿಚಯ ಇಲ್ಲದವರಿಗೆ ಬೇರೆ ಪಾತ್ರ ಕೊಡಿ: ಮೀನು ಬಲೆಗೆ ಬರೆಯುವ ಪತ್ರ, ಬಂದರಿನಲ್ಲಿ ನಿಂತ ಹಳೆಯ ದೋಣಿ ಸಮುದ್ರಕ್ಕೆ ಬರೆಯುವ ಪತ್ರ.

ಓದುಬರಹ ಬಾರದವರನ್ನು ಮೂಲೆಯಲ್ಲಿ ಕೂರಿಸಬೇಡಿ. ತುಳುನಾಡಿನ ಪಾಡ್ದನಗಳನ್ನು, ಅಂದರೆ ಬಾಯಿಂದ ಬಾಯಿಗೆ ಬಂದ ಕಥನಗೀತೆಗಳನ್ನು, ಕಟ್ಟಿ ಉಳಿಸಿದವರಲ್ಲಿ ಅಕ್ಷರ ಬಲ್ಲವರು ಎಷ್ಟಿದ್ದರು? ನೇಜಿ (ಭತ್ತದ ಸಸಿ) ನೆಡುವಾಗಿನ ‘ಓ ಬೇಲೆ’ ಹಾಡಿನಂತೆ ಒಬ್ಬರು ಸಾಲು ಹೇಳುವುದು, ಉಳಿದವರು ಸೊಲ್ಲು ಹಿಡಿಯುವುದು, ಮುಂದಿನ ಸಾಲು ಇನ್ನೊಬ್ಬರದ್ದು. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಗೆ ಮುಂಚಿನ ರೋಸಿನ ದಿನ ಹಾಡುವ ವೋವಿಯೊ ಹಾಡು ಕೂಡ ಇದೇ ಬಗೆಗೆ ಒಗ್ಗುತ್ತದೆ. ಒಬ್ಬರ ಸಾಲಿಗೆ ಇನ್ನೊಂದು ಗುಂಪಿನವರು, ಇನ್ನೊಂದು ಧರ್ಮದವರು ಸೊಲ್ಲು ಸೇರಿಸಬೇಕಾಗುತ್ತದೆ. ಸೌಹಾರ್ದದ ಬಗ್ಗೆ ಮಾಡುವ ಉಪನ್ಯಾಸಕ್ಕಿಂತ ಇದರ ಮೇಲೆ ನನಗೆ ನಂಬಿಕೆ ಹೆಚ್ಚು. ಆದರೂ ಯಾರನ್ನು ಯಾರ ಜೊತೆ ಕೂರಿಸಬಹುದು ಎಂಬುದನ್ನು ಸಿಬ್ಬಂದಿಯನ್ನು ಕೇಳಿಯೇ ನಿರ್ಧರಿಸಿ. ಅವರಿಗೆ ಗೊತ್ತಿರುವ ಹಗೆಗಳು ನಿಮಗೆ ಗೊತ್ತಿರುವುದಿಲ್ಲ.

ಹೇಳಿದ್ದನ್ನು ಬರೆದುಕೊಳ್ಳುವವರಿಗೆ ಒಂದೇ ಕಟ್ಟುನಿಟ್ಟು. ಹೇಳಿದ ಹಾಗೆಯೇ ಬರೆಯಿರಿ, ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಹೌದು ಎಂದ ಮೇಲೆ ಅವರ ಹೆಸರು ಹಾಕಿ.

ಕೆಲವು ವಾರಗಳ ನಂತರ ಕೈಬರಹದ ಪತ್ರಿಕೆ ಮಾಡಬಹುದು. ಹಾಳೆಗಳನ್ನು ದಾರದಿಂದ ಹೊಲಿದ ಒಂದೇ ಪ್ರತಿ, ಜೈಲಿನ ಗ್ರಂಥಾಲಯದಲ್ಲಿ ಕೈಯಿಂದ ಕೈಗೆ ಹೋಗುವಂಥದ್ದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದದ್ದು ಇದೇ ಊರಿನಿಂದ. ಸಣ್ಣದಾಗಿ ಶುರುಮಾಡುವುದು ನಮಗೆ ಹೊಸ ವಿದ್ಯೆಯಲ್ಲ. ಮುಖಪುಟದ ಚಿತ್ರ ಬರೆಯುವವರು, ಅಕ್ಷರ ದುಂಡಗಿರುವವರು, ಕವಿತೆ ಆರಿಸುವವರು ಎಂದು ಕೆಲಸ ಹಂಚುವಾಗ ಒಂದನ್ನು 2024ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪು ನೆನಪಿಸುತ್ತದೆ: ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ. ಕಮ್ಮಟದ ಚಾಪೆ ಮಡಚುವುದು, ಕಸ ಗುಡಿಸುವುದು ಯಾರ ಪಾಲಿಗೆ ಬರುತ್ತಿದೆ ಎಂದು ಕಣ್ಣಿಟ್ಟಿರಿ.

ಗೋಡೆಯ ಹೊರಗೆ ತರುವಾಗ

ಒಳ್ಳೆಯ ಕವಿತೆ ಕೈಗೆ ಬಂದಾಗ ಅದನ್ನು ನಾಲ್ಕು ಜನಕ್ಕೆ ತೋರಿಸುವ ತುರಿಕೆ ಸಹಜ. ವಾಟ್ಸ್ಆ್ಯಪಿನಲ್ಲಿ ಕಾರ್ಡಿನ ಫೋಟೊ ಹಾಕಬೇಡಿ. ಲಿಖಿತ ಒಪ್ಪಿಗೆ ಇಲ್ಲದೆ ಎಲ್ಲಿಯೂ ಓದಬೇಡಿ. ಒಪ್ಪಿಗೆ ಕೇಳುವಾಗ ಎಲ್ಲಿ, ಯಾವ ಹೆಸರಿನಲ್ಲಿ, ಎಷ್ಟು ದಿನ ಇರುತ್ತದೆ ಎಂದು ವಿವರಿಸಿ. ‘ಬೇಡ’ ಎಂದು ಹಿಂದೆ ಸರಿಯಲು ಸಮಯ ಕೊಡಿ. ವಿಚಾರಣೆ ನಡೆಯುತ್ತಿದ್ದರೆ ಅವರ ವಕೀಲರು ನೋಡದೆ ಪ್ರಕಟಿಸುವ ಯೋಚನೆಯೇ ಬೇಡ.

ಹೆಸರು ಬದಲಿಸಿದರೆ ಸಾಕು ಎಂದುಕೊಳ್ಳಬೇಡಿ. ಇದು ಬೆಂಗಳೂರಲ್ಲ. ಊರು, ಗುತ್ತು, ಮನೆತನ, ದೈವದ ಹೆಸರು ಒಂದು ಸಿಕ್ಕರೂ ‘ಓ, ಅವರ ಮಗ’ ಎಂದು ಉಡುಪಿಯಿಂದ ಸುಳ್ಯದವರೆಗೆ ಗುರುತಿಸುತ್ತಾರೆ. ಹಾಗಂತ ಮೇಲಿನ ಕವಿತೆಯಿಂದ ವಿಟ್ಲವನ್ನು ಕಿತ್ತುಹಾಕಬೇಕೇ? ಬೇರೆ ಊರಿನ ಹೆಸರು ಆಗುತ್ತದೆಯೇ ಎಂದು ಕವಿಯನ್ನೇ ಕೇಳಿ. ಅಷ್ಟೇ ದೂರದ, ಅದೇ ತೂಕದ ಹೆಸರನ್ನು ಅವರೇ ಹುಡುಕುತ್ತಾರೆ. ಅಪರಾಧದಿಂದ ನೊಂದ ಕುಟುಂಬ ಕೂಡ ಇದೇ ಊರಿನಲ್ಲಿದೆ, ಅದೇ ಪತ್ರಿಕೆ ಓದುತ್ತದೆ. ಅವರ ಗಾಯದ ಮೇಲೆ ಉಪ್ಪು ಬೀಳುವಂಥ ಸಾಲಿದ್ದರೆ, ಕವಿತೆ ಎಷ್ಟೇ ಚೆನ್ನಾಗಿದ್ದರೂ, ಕಡತದಲ್ಲೇ ಇರಲಿ.

ಇವೆಲ್ಲ ದಾಟಿದ ಮೇಲೆ ದಾರಿಗಳು ಹಲವಿವೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಒಂದು ಪುಟ ಕೇಳಿ. ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ರೇಡಿಯೊ ಸಾರಂಗ್, ಮಣಿಪಾಲದ ಸಮುದಾಯ ಬಾನುಲಿಯಂಥ ಕೇಂದ್ರಗಳನ್ನು ಕೇಳಿ ನೋಡಬಹುದು. ಓದುವವರು ನಾಟಕೀಯವಾಗಿ ಅಳುದನಿ ತೆಗೆಯದಂತೆ ನೋಡಿಕೊಳ್ಳಿ. ಸಂಭಾವನೆ ಬಂದರೆ ಪೂರ್ತಿ ಬರೆದವರಿಗೆ. ಪ್ರಕಟವಾದ ಪ್ರತಿಯನ್ನು ಮರೆಯದೆ ಒಳಗೆ ಕಳಿಸಿ. ಅಚ್ಚಾದ ತನ್ನ ಸಾಲನ್ನು ಕವಿ ನೋಡದೇ ಇರುವುದು ಅನ್ಯಾಯ.

ಕಾರ್ಡು ವಾಪಸು ಬಂದರೆ

ಹಿಂತಿರುಗಿ ಬಂದ ಕಾರ್ಡಿಗೆ ಎರಡು ಅರ್ಥ ಇರಬಹುದು. ಸ್ಥಳಾಂತರವಾಗಿದ್ದರೆ ಮನೆಯವರಿಂದ ಅಥವಾ ಜೈಲಿನ ಕಚೇರಿಯಿಂದ ಹೊಸ ವಿಳಾಸ ತಿಳಿದು ಮತ್ತೆ ಶುರುಮಾಡಿ. ಹೊಸ ಜಾಗದ ಮೊದಲ ತಿಂಗಳಲ್ಲಿ ಪತ್ರದ ಅಗತ್ಯ ಹೆಚ್ಚು, ಅಲ್ಲಿ ತುಳು ಮಾತಾಡುವವರು ಒಬ್ಬರೂ ಇಲ್ಲದಿರಬಹುದು.

ಬಿಡುಗಡೆಯಾಗಿದ್ದರೆ ನೀವಾಗಿ ಹುಡುಕಿಕೊಂಡು ಹೋಗಬೇಡಿ. ಜೈಲಿನ ನೆನಪು ತರುವ ಯಾರನ್ನೂ ಕೆಲವರು ನೋಡಬಯಸುವುದಿಲ್ಲ. ಸರ್ವಿಸ್ ಬಸ್ಸಿನಲ್ಲಿ ಎದುರಾಗಿ ಮುಖ ತಿರುಗಿಸಿದರೆ ನೀವೂ ಕಿಟಕಿಯ ಕಡೆ ನೋಡಿ. ಅವರಾಗಿ ಬಂದರೆ ಮಾತಾಡಿ, ಬರವಣಿಗೆ ಮುಂದುವರಿಸುವ ಆಸೆಯಿದ್ದರೆ ಊರಿನ ಕವಿಗೋಷ್ಠಿಗೆ ಕರೆದುಕೊಂಡು ಹೋಗಿ, ‘ಮಾಜಿ ಕೈದಿ ಕವಿ’ ಎಂದು ಪರಿಚಯಿಸದೆ. ಕಡತದಲ್ಲಿರುವ ಅವರ ಕವಿತೆಗಳನ್ನು ಕೇಳಿದರೆ ಮೂಲ ಪ್ರತಿಗಳನ್ನೇ ಕೊಟ್ಟುಬಿಡಿ, ಅವು ಅವರವು. ನಕಲು ಇಟ್ಟುಕೊಳ್ಳುವುದಾದರೆ ಕೇಳಿಯೇ ಇಟ್ಟುಕೊಳ್ಳಿ.